ಮೂವತ್ತೆರಡು ಡಿಗ್ರಿ

ಮಡಿಕೇರಿಯ ಜನವರಿ. ಡಯಾಕ್ಸೇನ್ ಬಾಟಲಿ
ರಾತ್ರಿಯೇ ಗಡ್ಡೆಕಟ್ಟಿ ಕೂತಿತ್ತು.
ಅಟೆಂಡರ್ ಪಳಂಗಪ್ಪ ಅದನ್ನು ಬಿಸಿನೀರಲ್ಲಿ ಕೂರಿಸಿ
ಕೊಡವ ತಕ್ಕಿನಲ್ಲಿ ಏನೋ ಗೊಣಗಿದರು,
ಹಟಮಾರಿ ಕರುವನ್ನು ಎಬ್ಬಿಸುವವರ ಹಾಗೆ.

ಆಮೇಲೆ ನನ್ನ ಸರದಿ.
ಸೂಜಿಯಂಥ ಬಿಳಿ ಹರಳು ಕರಗಿಸಿ
ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಬಿಟ್ಟು
ಒಳಗಿನ ಆಮ್ಲಜನಕವನ್ನೆಲ್ಲ ಓಡಿಸಿದೆ.
ನಮಗೆ ಉಸಿರಾದದ್ದೇ
ಈ ಸರಪಳಿಗೆ ಕತ್ತರಿ.
ಅರವತ್ತೈದು ಡಿಗ್ರಿ ಎಣ್ಣೆಯಲ್ಲಿ ಆರು ಗಂಟೆ;
ನಾಲ್ಕನೆಯದರಲ್ಲಿ ಕರೆಂಟು ಹೋಯಿತು.
ಪಳಂಗಪ್ಪ ಸ್ವೆಟರ್ ಬಿಚ್ಚಿ ಎಣ್ಣೆಪಾತ್ರೆಗೆ ಸುತ್ತಿದರು.
ನಿಯಮಕ್ಕೆ ವಿರುದ್ಧ. ಬೇಡವೆನ್ನಲಿಲ್ಲ ನಾನು.

ಸಂಜೆ, ತಣ್ಣನೆಯ ಈಥರಿಗೆ ತೊಟ್ಟು ತೊಟ್ಟಾಗಿ ಬಿಟ್ಟಾಗ
ನೂಲ್‌ಪುಟ್ಟಿನ ಎಳೆಯಂತೆ ಇಳಿಯಿತು ಬಿಳಿ.
ಒಣಗಿಸಿ ತೂಗಿದರೆ ಒಂದೂಮುಕ್ಕಾಲು ಗ್ರಾಂ.

ಮರುವಾರ ನೀರಿಗೆ ಹಾಕಿದೆ. ಮಾಯ.
ಸೀಸೆಯಲ್ಲಿ ಏನೂ ಇಲ್ಲದಷ್ಟು ತಿಳಿ.
"ಇಷ್ಟು ದಿನದ ಕೆಲಸ ಇದೇನಾ ಮೇಡಂ?"
ಇದೆ, ಅಲ್ಲೇ ಇದೆ ಎಂದೆ,
ಉದ್ದಕ್ಕೆ ಮೈಚಾಚಿ ನೀರನ್ನು ತಬ್ಬಿ ಮಲಗಿದೆ.
ನಾವು ಚಳಿಗೆ ಮುದುಡುತ್ತೇವೆ, ಇದು ಬಿಸಿಗೆ.
ಮೂವತ್ತೆರಡು ದಾಟಿತೋ, ನೀರಿನ ಸಂಗ ಬಿಟ್ಟು
ತನ್ನೊಳಗೇ ಸುರುಳಿ ಸುತ್ತಿಕೊಳ್ಳುತ್ತದೆ.
ಆಗ ಮಾತ್ರ ಕಾಣುತ್ತದೆ.

ಮುಷ್ಟಿಯಲ್ಲಿ ಹಿಡಿದು ತೋರಿಸಿದೆ.
ಒಂದೂವರೆ ನಿಮಿಷಕ್ಕೆ ಹಾಲು.
ಕಿಟಕಿಯ ಹಲಗೆಗಿಟ್ಟರೆ ಮತ್ತೆ ನೀರು.

ಪಳಂಗಪ್ಪ ಜೇಬಿನಿಂದ ಬಲಗೈ ತೆಗೆದರು.
ಯಾವುದೋ ಹಿಮದ ಠಾಣೆಯಲ್ಲಿ
ಎರಡು ಬೆರಳು ಬಿಟ್ಟು ಬಂದ ಕೈ.
ಕಾಫಿ ಸುಡುತ್ತದೋ ಇಲ್ಲವೋ
ತುಟಿ ಹೇಳಬೇಕು, ಆ ಕೈಗೆ ತಿಳಿಯದು.
"ಇದಕ್ಕೆ ಕೊಡಿ ನೋಡುವ. ಸತ್ತಿದೆಯಂತೆ."

ಕೊಟ್ಟೆ. ಕೊಡಬಾರದಿತ್ತೇನೋ.
ಒಂದು ನಿಮಿಷ. ಎರಡು.
ಗೋಡೆ ಗಡಿಯಾರ ನೋಡಿದೆ, ಸಿಂಕು ನೋಡಿದೆ,
ಹೊರಗೆ ಎರಡನೇ ಬಿಎಸ್ಸಿಯವರ ಚಪ್ಪಲಿ ಸದ್ದು.
ಮೂರೂವರೆ.
ಹೆಬ್ಬೆರಳು ಒತ್ತಿದ ಕಡೆ ಗಾಜಿನಲ್ಲಿ ಒಂದು ಮಸುಕು;
ಕೊಳೆ ಇರಬೇಕೆಂದು ಅವರು ಉಜ್ಜಿದರು.
ಹೋಗಲಿಲ್ಲ.
ತಳದಿಂದ ಮೇಲಕ್ಕೆ, ಅವಸರವಿಲ್ಲದೆ, ಬಿಳುಪೇರಿತು.

ಏನೂ ಅನ್ನಲಿಲ್ಲ ಅವರು.
ಮಕ್ಕಳು ಒಳಗೆ ಬಂದರೂ ಹಿಡಿದೇ ಇದ್ದರು.
ನಾನು ವಾಪಸು ಕೇಳಲಿಲ್ಲ.

ರೆಕಾರ್ಡ್ ಪುಸ್ತಕದಲ್ಲಿ ಬರೆದೆ:
ಮಾದರಿ ಎರಡು. ಮಸುಕಾಗಲು ಆರು ನಿಮಿಷ.
ಶಾಖದ ಮೂಲ ಎಂಬಲ್ಲಿ,
ಪಳಂಗಪ್ಪ, ಬಲಗೈ.