ಕಿವಿ ಕಾಣಬೇಕು

ನನ್ನ ಸ್ಟುಡಿಯೋದಲ್ಲಿ ಒಂದು ಹಿಮಾಲಯವಿದೆ.
ಹೊಸೂರಿನ ಬೋರ್ಡು ಬರೆಯುವವನು ಬರೆದುಕೊಟ್ಟ ಪರದೆ.
ಹಿಮದ ನಡುವೆ ಒಂದು ತೆಂಗಿನಮರ.
ಯಾಕಯ್ಯಾ ಅಂದರೆ, ಹಸಿರು ಮಿಕ್ಕಿತ್ತು ಅಂದ.

ಈ ವರ್ಷ ಅದನ್ನು ಸುತ್ತಿ ಮೂಲೆಗಿಟ್ಟಿದ್ದೇನೆ.
ದೀಪಾವಳಿಯ ಮಾರನೆಗೆ ತಳಿಗೆ ಬಂದ ಮಂಜು
ಸಂಕ್ರಾಂತಿ ಹತ್ತಿರಾದರೂ ಹೊರಡುವ ಮಾತೆತ್ತಿಲ್ಲ;
ಮದುವೆಗೆಂದು ಬಂದು ಉಳಿದುಬಿಟ್ಟ ಸೋದರಮಾವನಂತೆ
ಬೆಂಚಿನ ಮೇಲೆ ಕಾಲು ಚಾಚಿ ಕೂತಿದೆ.

ಯಾವ ಕಾಲದಲ್ಲೋ ದೊರೆಗಳು ಈ ಊರನ್ನು
ಚಿಕ್ಕ ಇಂಗ್ಲೆಂಡ್ ಎಂದು ಕರೆದರಂತೆ.
ಕರೆದು, ಸ್ವೆಟರು ಕೊಡದೆ ಹೋದರು.

ಗಿರಾಕಿ ಬರುವುದೇ ಪಾಸ್‌ಪೋರ್ಟ್ ಸೈಜಿಗೆ.
ಸರ್ಕಾರದ ನಿಯಮ: ಎರಡೂ ಕಿವಿ ಕಾಣಬೇಕು.
ಈ ಚಳಿಯಲ್ಲಿ ಕಿವಿ ತೋರಿಸಿ ಎನ್ನುವುದು
ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೀರಿ ಅಂದ ಹಾಗೆ.
ತಿಮ್ಮರಾಯಿ ಮೇಷ್ಟ್ರು ಒಂದನ್ನು ತೋರಿಸಿ
ಇನ್ನೊಂದೂ ಹೀಗೇ ಇದೆ, ನಂಬು, ಎಂದರು.
ಕೋಸಿನ ಲಾರಿಯ ಕ್ಲೀನರ್ ಹುಡುಗ ಮಂಕಿ ಟೋಪಿ ತೆಗೆದ;
ಒಳಗೆ ಮಫ್ಲರು. ಮಫ್ಲರು ಬಿಚ್ಚಿದ; ಒಳಗೆ ಅವರಮ್ಮನ ಟವೆಲು.
ಈರುಳ್ಳಿ ಸುಲಿದಂತೆ ಸುಲಿದು ಕೊನೆಗೆ ಸಿಕ್ಕ ಮುಖದಲ್ಲಿ
ಕಣ್ಣೀರು.

ಕಾರ್ತಿಕದ ಕೊನೆಯ ಮದುವೆಯ ಆಲ್ಬಮ್ಮಿನಲ್ಲಿ
ಮೂವತ್ತಾರು ಪುಟ ಮಂಜು.
ಗಂಡಿನ ಅಪ್ಪ ತಿರುವಿ ತಿರುವಿ
ಇದರಲ್ಲಿ ನಮ್ಮ ಕಡೆಯವರು ಯಾರು ಅಂದ.
ಉಂಗುರ ಇರುವ ಕೈ, ಅಂದೆ.
ಒಪ್ಪಿಕೊಂಡು ದುಡ್ಡು ಕೊಟ್ಟ. ಅದು ಹೆಣ್ಣಿನವರ ಕೈ.

ಮಿಕ್ಕ ಹೊತ್ತು ಕ್ಯಾಮೆರಾ ಕೊರಳಿಗೆ ಹಾಕಿ ನಡೆಯುತ್ತೇನೆ.
ದಸ್ತಗೀರ್ ಸಾಬರ ಅಂಗಡಿ ಮುಂದೆ
ಚಳಿ ಅಂತ ಒಬ್ಬ, ಚಲಿ ಅಂತ ಒಬ್ಬ, ಕುಳಿರು ಅಂತ ಒಬ್ಬ,
ಮೂವರೂ ಒಂದೇ ಒಲೆಗೆ ಕೈ ಒಡ್ಡಿದ್ದಾರೆ:
ಆರು ಅಂಗೈ, ತಲೆಗಳಿಲ್ಲ. ತೆಗೆದೆ.
ಪ್ಲಾಸ್ಟಿಕ್ ಮನೆಯೊಳಗೆ ಗುಲಾಬಿ ಬೆಚ್ಚಗೆ,
ಹೊರಗೆ ಕಾವಲಿನವನು ಗೋಣಿಚೀಲದಲ್ಲಿ. ತೆಗೆದೆ.
ರಾಗಿ ಹೊಲದ ಬೆರ್ಚಪ್ಪನಿಗೆ ಹೋದ ವಾರ ಇದ್ದ ಕೋಟು
ಈ ವಾರ ಇಲ್ಲ;
ಅದು ನನಗೆ ಬಸ್ಸಿನಲ್ಲಿ ಸಿಕ್ಕಿ ನಮಸ್ಕಾರ ಎಂದಿತು.
ಅದನ್ನು ತೆಗೆಯಲಿಲ್ಲ.

ರಾತ್ರಿ ಆನೆ ಬಂತೆಂದು ಫಾರೆಸ್ಟ್ ವಾಚರ್ ಪೆರಿಯಸಾಮಿ
ಅರ್ಧ ಗಂಟೆ ಪಟಾಕಿ ಹಾರಿಸಿದ. ಆನೆ ಅಲ್ಲಾಡಲಿಲ್ಲ.
ಬೆಳಗ್ಗೆ ನೋಡಿದರೆ ಸೊಣ್ಣಪ್ಪನ ಹುಲ್ಲಿನ ಮೆದೆ,
ಅಲ್ಲಲ್ಲಿ ಸುಟ್ಟು.
ಅದರ ಪಕ್ಕ ನಿಲ್ಲು ಮಾರಾಯ ಅಂದೆ;
ಬೇಟೆಯಾಡಿದ ದೊರೆಯ ಹಾಗೆ ಒಂದು ಕಾಲು ಮೇಲಿಟ್ಟು ನಿಂತ.
ಒಳ್ಳೆಯವನು.

ಮೊನ್ನೆ ಚೌಡಜ್ಜಿ ಬಂದಳು, ಪಿಂಚಣಿ ಅರ್ಜಿಗೆ.
ಕರೆಂಟಿಲ್ಲ. ಹಿಂದೆ ಬಿಳಿ ಇರಬೇಕು ಅಂತಲೂ ನಿಯಮ.
ಬಿಳಿಗೇನು ಬರ ಅಂತ ಸ್ಟೂಲು ಹೊರಗೆ ತಂದು
ರಸ್ತೆಯಾಚೆ ಬದುವಿನ ಮೇಲೆ ಕೂರಿಸಿದೆ.
ಎಂಥ ಪರದೆ! ಒಂದು ಸುಕ್ಕಿಲ್ಲ, ತೆಂಗಿನಮರವಿಲ್ಲ.
ಅಜ್ಜಿ ಸೆರಗು ಸರಿಸಿ ಎರಡೂ ಕಿವಿ ಕೊಟ್ಟಳು,
ತೂತು ಹಿಗ್ಗಿದ, ಓಲೆ ಇಲ್ಲದ ಕಿವಿ.
ನಗಬೇಡ ಅಂದೆ. ನಕ್ಕಳು. ಕ್ಲಿಕ್.

ದೇಂಕಣಿಕೋಟೆ ತಾಲ್ಲೂಕು ಕಚೇರಿಯಿಂದ ಅರ್ಜಿ ವಾಪಸ್ಸು.
ಫೋಟೋದ ಸುತ್ತ ಕೆಂಪು ಶಾಯಿಯ ಸೊನ್ನೆ,
ಪಕ್ಕದಲ್ಲಿ ತಮಿಳಿನಲ್ಲಿ ಒಂದು ಷರಾ:
ಹಿಂದೆ ನಿಂತಿರುವವರು ಯಾರು? ಸಂಬಂಧ ತಿಳಿಸಿ.

ಕನ್ನಡಕ ಒರೆಸಿ ನೋಡಿದೆ. ಅಜ್ಜಿಯ ಎಡಭುಜದ ಮೇಲೆ,
ಬಿಳಿಗಿಂತ ಒಂದಿಷ್ಟೇ ಕಮ್ಮಿ ಬಿಳಿಯಲ್ಲಿ,
ಒಂದು ಹಣೆ. ಒಂದು ಸಣ್ಣ ಕಣ್ಣು.
ಮತ್ತೆ, ನಿಯಮದ ಪ್ರಕಾರ, ಎರಡೂ ಕಿವಿ.

ಬೆವರು ಬಂತು, ಈ ಚಳಿಗಾಲದ ಮೊದಲ ಬೆವರು.
ಅಜ್ಜಿಗೆ ತೋರಿಸಿದೆ.
ಹತ್ತಿರ ಹಿಡಿದು, ದೂರ ಹಿಡಿದು, ತುಂಬ ಹೊತ್ತು ನೋಡಿ
ಕೇಳಿದಳು: ಇಬ್ಬರಿದ್ದೀವಲ್ಲಪ್ಪಾ ಇದರಲ್ಲಿ,
ಒಬ್ಬರ ದುಡ್ಡೇ ತಾನೆ?