ಮೂಕ ಗೂಡು

ಮೂವತ್ತೊಂದು ವರ್ಷದಲ್ಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ನನಗೆ ಟೋಪಿ ಹಾಕಿದವರು ಇಬ್ಬರೇ.
ಒಬ್ಬ ಸತ್ತ. ಇನ್ನೊಬ್ಬ ಈಗಲೂ ಟೀ ಕೊಡಿಸುತ್ತಾನೆ.

ಜಾಲರಿಯ ಮೇಲುಮೇಲೆ ಹೊಳೆಯುವ ಗೂಡು
ಯಾರ ಕಣ್ಣಿಗೂ ಚಂದ.
ನಾನು ಮೊಣಕೈವರೆಗೆ ಕೈ ಇಳಿಸುತ್ತೇನೆ.
ತಳ ಒದ್ದೆಯಿದ್ದರೆ ಬೆರಳಿಗೆ ಗೊತ್ತು,
ಕಲೆಯಿದ್ದರೆ ಮೂಗಿಗೆ ಗೊತ್ತು.
ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ
ಒಳಗಿನ ಹುಳ ಲೊಟಕ್ ಅನ್ನಬೇಕು.
ಅನ್ನದಿದ್ದರೆ ಅದು ಸತ್ತು ಗೋಡೆಗೆ ಅಂಟಿದೆ.
ಮೂಕ ಗೂಡು ಅನ್ನುತ್ತೇವೆ.
ಹೊರಗಿನಿಂದ ಅದೂ ಬಿಳಿ, ಅದೂ ನುಣುಪು.

ಇಂಥ ನಾನು,
ಆ ಮಂಗಳವಾರ ಪಿಳ್ಳಪ್ಪನ ಹೋಟೆಲಿನಲ್ಲಿ
ಟೀಯಲ್ಲಿ ಬನ್ನು ಅದ್ದಿಕೊಂಡು ಕೂತಿದ್ದೆ.
ಗೋಡೆಯ ಟೀವಿಯಲ್ಲಿ ಕೆಂಪು ಪಟ್ಟಿ ಓಡಿತು:
ಶಿಡ್ಲಘಟ್ಟ ಉದ್ವಿಗ್ನ.
ಎಲ್ಲರೂ ಹೊರಗೆ ನೋಡಿದೆವು.
ರಸ್ತೆಯಲ್ಲಿ ಒಂದು ಮೇಕೆ
ಯಾರದೋ ಸೈಕಲ್ಲಿನ ಹಿಪ್ಪುನೇರಳೆ ಹೊರೆಗೆ ಬಾಯಿ ಹಾಕಿತ್ತು.
ಸೈಕಲ್ಲಿನವನು ಬೀಡಿ ಹಚ್ಚುತ್ತಿದ್ದ.
ಅಷ್ಟೇ.

ಮತ್ತೆ ಟೀವಿ ನೋಡಿದೆವು.
ಅಲ್ಲಿ ಓಡುವ ಜನ, ಉರಿಯುವ ಟೈರು,
ನಮ್ಮೂರಿನಲ್ಲಿಲ್ಲದ ಒಂದು ಮೇಲ್ಸೇತುವೆ.
ಮೇಲ್ಸೇತುವೆ ಎಲ್ಲಿಂದ ಬಂತು ಅಂತ
ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಪಿಳ್ಳಪ್ಪ ಮೇಕೆಯನ್ನು ಇನ್ನೊಮ್ಮೆ ನೋಡಿ
ಶಟರ್ ಎಳೆದ.

ಆ ಸದ್ದು ಕೇಳಿ ಪಕ್ಕದ ಅಂಗಡಿ,
ಅದನ್ನು ಕೇಳಿ ಅದರ ಪಕ್ಕದ್ದು,
ಬಸ್ ನಿಲ್ದಾಣದವರೆಗೂ ಗಡಗಡ ಗಡಗಡ.
ಆಮೇಲೆ ಊರು ನಿಜಕ್ಕೂ ಉದ್ವಿಗ್ನವಾಯಿತು.
ಸುದ್ದಿ ಸುಳ್ಳಾಗಲು ನಾವು ಬಿಡಲಿಲ್ಲ.

ಚಿಂತಾಮಣಿಯಿಂದ ತಂಗಿ ಫೋನು ಮಾಡಿದಳು.
ಚೆನ್ನಾಗಿದ್ದೀನಿ ಅಂದವನು
ಯಾಕೋ ದನಿ ತಗ್ಗಿಸಿದೆ:
"ಮಕ್ಕಳನ್ನ ಹೊರಗೆ ಬಿಡಬೇಡ."
ನನ್ನ ಪಾಲಿನ ಟೈರಿಗೆ ನಾನು ಬೆಂಕಿ ಇಟ್ಟದ್ದು ಹೀಗೆ.

ಅದೇ ಮಧ್ಯಾಹ್ನ ತಾಲ್ಲೂಕು ಕಚೇರಿಯಲ್ಲಿ
ಗೋಮಾಳದ ಅಹವಾಲು ಸಭೆ.
ನಲವತ್ತು ಜನ ಹೋಗುವುದೆಂದು ಮಾತಾಗಿತ್ತು.
ಮೂರನೇ ದಿನ, ಪತ್ರಿಕೆಯ ಒಳಪುಟದಲ್ಲಿ
ಎರಡು ಬೆರಳಗಲದ ಸುದ್ದಿ:
ಸಾರ್ವಜನಿಕರಿಂದ ಆಕ್ಷೇಪಣೆ ಬಂದಿಲ್ಲ.
ಅದಕ್ಕೂ ಇದಕ್ಕೂ ಗಂಟಿದೆ ಅಂತ ನಾನು ಹೇಳುತ್ತಿಲ್ಲ.
ಗೊತ್ತಿಲ್ಲದ್ದನ್ನು ಹೇಳಿದರೆ ನಾನೂ ಒಂದು ಕೆಂಪು ಪಟ್ಟಿ.
ಸಾರ್ವಜನಿಕರು ಅಂದರೆ ಯಾರು ಅಂತ ಮಾತ್ರ ಯೋಚಿಸಿದೆ:
ಶಟರಿನ ಹಿಂದೆ, ಕತ್ತಲಲ್ಲಿ,
ತಣ್ಣಗಾದ ಟೀ ಹಿಡಿದು ಕೂತಿದ್ದವರು.

ನಮ್ಮ ಘಟಕದ ಕಮರುನ್ನಿಸಾ,
ಕುದಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವವಳು,
ಎಲ್ಲ ಕೇಳಿಸಿಕೊಂಡಳು. ತಲೆ ಎತ್ತಲಿಲ್ಲ.
"ಮೊದಲು ಕೈಗೆ ಸಿಗೋದೆಲ್ಲ ಜುಂಗು, ಸಾಹೇಬ್ರೇ.
ಬೇಕಂದಷ್ಟು ಬರುತ್ತೆ. ಎಳೆದು ಬಿಸಾಕಬೇಕು,
ಮತ್ತೆ ಬಿಸಾಕಬೇಕು, ಒಂದೇ ಎಳೆ ಸಿಗೋವರೆಗೂ.
ನಿಮಗೆ ಅಷ್ಟು ಹೊತ್ತು ಬಿಸಿ ತಡಿಯೋಕಾಗಲ್ಲ."
ಅವಳ ಬೆರಳ ತುದಿಯಲ್ಲಿ ಗೆರೆಗಳಿಲ್ಲ,
ಬೆಂದು ನುಣ್ಣಗಾಗಿವೆ.
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೇ ಅಂತ ಒಪ್ಪುವುದಿಲ್ಲ.
ಇದು ಯಾವ ಪಟ್ಟಿಯಲ್ಲೂ ಓಡಿದ್ದು ನಾನು ಕಂಡಿಲ್ಲ.

ಒಂದು ರಾತ್ರಿ, ಯಾರೂ ಇಲ್ಲದಾಗ,
ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.
ನಗು ಬಂತು. ಆಮೇಲೆ ಬರಲಿಲ್ಲ.

ಈಗಲೂ ಟೀವಿ ನೋಡುತ್ತೇನೆ,
ಪಿಳ್ಳಪ್ಪನ ಹೋಟೆಲಿನಲ್ಲೇ, ಬಾಗಿಲ ಹತ್ತಿರದ ಬೆಂಚಿನಲ್ಲಿ,
ಒಂದು ಕಣ್ಣು ರಸ್ತೆಯ ಮೇಲಿಟ್ಟು.
"ಈ ದೃಶ್ಯ ಯಾವ ಊರಿಂದು?" ಅಂದರೆ ಕೆಲವರು ಗೊಣಗುತ್ತಾರೆ.
ಪಿಳ್ಳಪ್ಪ ಸದ್ದು ಜಾಸ್ತಿ ಮಾಡುತ್ತಾನೆ.

ನಿನ್ನೆ ಮೇಲೂರಿನ ರೈತರೊಬ್ಬರು
ನನ್ನ ಕೈ ತಳಕ್ಕಿಳಿದದ್ದು ಕಂಡು ಹುಬ್ಬು ಗಂಟಿಕ್ಕಿದರು:
"ಏನ್ ಬಾಬಾಜಾನ್, ನಂಬಿಕೆ ಇಲ್ವಾ?"
"ನಂಬೋಕೇ ಅಲ್ವಾ ಸ್ವಾಮಿ, ಕೈ ಹಾಕೋದು" ಅಂದೆ.
ತಳದಲ್ಲೂ ಗೂಡು ಚೆನ್ನಾಗಿತ್ತು.
ಹತ್ತು ರೂಪಾಯಿ ಜಾಸ್ತಿಯೇ ಕೂಗಿದೆ.