ಐದು ಗಂಟಲು

ದುರ್ಗಿಗುಡಿ ಎರಡನೇ ಅಡ್ಡರಸ್ತೆ, ರಿಮೋಟ್ ರಿಪೇರಿಯ ಮೇಜು,
ಮೇಲೆ ಬಿಚ್ಚಿಟ್ಟ ಹಳೇ ಟೀವಿ ಗೇಮು.
ಲಿಗೋರಿಯ ಮಗಳು ಲವೀನಾ ಮೊಬೈಲು ಹಿಡಿದು ಬಂದಳು:
"ಈ ಆಟದ ಮ್ಯೂಸಿಕ್ಕು ಅದರಲ್ಲಿ ನುಡಿಸ್ತೀರಾ ಅಂಕಲ್?"
ಕೇಳಿದೆ. ನಲವತ್ತು ಪಿಟೀಲು, ಒಂದು ಕೊಳಲು,
ಕ್ರಿಸ್ಮಸ್ ರಾತ್ರಿಯ ಚರ್ಚಿನಷ್ಟು ಜನ.

ನನ್ನ ಚಿಪ್ಪಿಗೆ ಇರುವುದು ಐದೇ ಗಂಟಲು.
ಎರಡು ಮೂಗಿನಲ್ಲಿ ಹಾಡುತ್ತವೆ.
ಒಂದು ಬರೀ ಉಸ್ಸೆನ್ನುತ್ತದೆ,
ಅದನ್ನು ಕತ್ತರಿಸಿ ಕತ್ತರಿಸಿ ತಮಟೆ ಮಾಡಬೇಕು.
ಇನ್ನೊಂದು ಗಿಣಿ, ಕಲಿಸಿದ್ದನ್ನು ಅರ್ಧ ನುಂಗಿ ಒಪ್ಪಿಸುತ್ತದೆ.
ಮಂದ್ರದವನಿಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ:
ಹಾಡು, ಇಲ್ಲವೇ ಬಾಯಿ ಮುಚ್ಚು.
ನಮ್ಮಪ್ಪನೂ ಹಾಗೇ ಇದ್ದ.

ಮೂರು ಸ್ವರ ಒಟ್ಟಿಗೆ ಬೇಕೆಂದರೆ
ಒಬ್ಬನೇ ಮೂರು ಮನೆಗೂ ಓಡಬೇಕು
ಕರೆಂಟ್ ಬಿಲ್ಲಿನವನಂತೆ, ಸೆಕೆಂಡಿಗೆ ಇಪ್ಪತ್ತು ಸುತ್ತು.
ಹನ್ನೊಂದು ರಾತ್ರಿ ಕೂತೆ.
ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

ಶನಿವಾರ ಕೇಳಿಸಿದೆ. ಹೊರಗೆ ಸಿಟಿ ಬಸ್ಸು ರಿವರ್ಸ್ ತೆಗೆಯುತ್ತಿತ್ತು.
ಅವಳು ಕಣ್ಣು ಮುಚ್ಚಿಯೇ ಅಂದಳು,
"ಆ ಕೊಳಲು ಮಾತ್ರ ಎಷ್ಟು ಚೆನ್ನಾಗಿ ಬಂದಿದೆ!"

ಕೊಳಲಿಗೆ ಜಾಗವೇ ಸಿಕ್ಕಿರಲಿಲ್ಲ.
ಮೇಜಿನ ಕೆಳಗೆ ಸ್ಕ್ರೂ ಒಂದು ಉರುಳಿತ್ತು,
ಬಗ್ಗಿ ಹುಡುಕಿದೆ
ಸ್ವಲ್ಪ ಹೊತ್ತು ಹೆಚ್ಚೇ.